ಲಿವರೇಜ್ ಪದದೊಳಗೊಂದು ಹಾರೆ

ಪ್ರಾಜೆಕ್ಟ್ ಸ್ಲೈಡುಗಳಲ್ಲಿ ನಾವೆಲ್ಲ ಕಣ್ಣುಮುಚ್ಚಿ ಹಾಕೋ ಪದ 'ಲಿವರೇಜ್'. ಎಐ ಲಿವರೇಜ್ ಮಾಡ್ತೀವಿ, ಡೇಟಾ ಲಿವರೇಜ್ ಮಾಡ್ತೀವಿ. ಅಲ್ಲಿ ಅದಕ್ಕೆ 'ಬಳಸ್ತೀವಿ' ಅನ್ನೋದಕ್ಕಿಂತ ಹೆಚ್ಚಿನ ಅರ್ಥ ಇರಲ್ಲ. ಆದರೆ ಪದ ಅಷ್ಟು ಬಡವಾಗಿಲ್ಲ.

ಲ್ಯಾಟಿನ್‌ನಲ್ಲಿ 'ಲೆವಿಸ್' ಅಂದ್ರೆ ಹಗುರ, 'ಲೆವಾರೆ' ಅಂದ್ರೆ ಎತ್ತು, ಹಗುರ ಮಾಡು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು 'ಲಿವರ್' ಆಯ್ತು. ಎಲಿವೇಟರ್, ರಿಲೀಫ್ ಎರಡೂ ಇದೇ ಮನೆತನದವು. ನಮ್ಮ ಪಠ್ಯಪುಸ್ತಕಗಳಲ್ಲಿ ಲಿವರ್ ಅಂದ್ರೆ ಸನ್ನೆಗೋಲು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಸನ್ನೆ ಅಂದ ಕೂಡಲೇ ಕಣ್ಸನ್ನೆಯೇ ನೆನಪಾಗೋದು, ಅದು ಬೇರೆ ಮಾತು! ಹೊಲದಲ್ಲಿ ಮಾತ್ರ 'ಹಾರೆ ಹಾಕಿ ಮೀಟು' ಅಂತಾರೆ. ಮೀಟು ಚಂದದ ಪದ. ವೀಣೆಯ ತಂತಿಗೂ ಅದೇ, ಬಂಡೆಗೂ ಅದೇ.

5 ಅಡಿ ಹಾರೆ ತಗೊಳ್ಳಿ. ಕಲ್ಲಿನ ಕಡೆ ಅರ್ಧ ಅಡಿ ಬಿಟ್ಟು ಫಲ್ಕ್ರಮ್ ಇಟ್ರೆ ಕೈ ಕಡೆ ನಾಲ್ಕೂವರೆ ಅಡಿ ಉಳಿಯುತ್ತೆ. 90 ಕೆಜಿ ಭಾರಕ್ಕೆ 10 ಕೆಜಿಯಷ್ಟು ಒತ್ತಿದ್ರೆ ಸಾಕು. ಆದರೆ ಕಲ್ಲು 1 ಇಂಚು ಏಳಬೇಕಾದ್ರೆ ಕೈ 9 ಇಂಚು ಇಳೀಬೇಕು. ಪುಕ್ಕಟೆ ಏನೂ ಸಿಗಲ್ಲ. ಹಾರೆ ಜಾರಿದ್ರಂತೂ ಅದೇ ಉದ್ದದ ತುದಿ ನಮ್ಮ ಕಡೆಗೇ ಎಗರುತ್ತೆ.

ಇದೇ ಪದ ಅಮೆರಿಕದಲ್ಲಿ ಹಣಕಾಸಿಗೆ ಹೋಗಿ ಸಾಲದ ಹೆಸರಾಯ್ತು. ಬ್ರಿಟನ್ನಿನವರು ಇದನ್ನೇ 'ಗೇರಿಂಗ್' ಅಂತಾರೆ, ಮೆಕ್ಯಾನಿಕಲ್ ಗೆಳೆಯರು ಖುಷಿಪಡಬಹುದು. ಕೈಯಲ್ಲಿರೋ 1 ಲಕ್ಷಕ್ಕೆ 4 ಲಕ್ಷ ಸಾಲ ಸೇರಿಸಿ 5 ಲಕ್ಷಕ್ಕೆ ಒಂದು ಸೈಟು ತಗೊಂಡ್ವಿ ಅನ್ನಿ. ಬೆಲೆ ಶೇ. 10 ಏರಿದ್ರೆ ಲಾಭ 50 ಸಾವಿರ. ಬಡ್ಡಿ ಬದಿಗಿಟ್ರೆ, ನಮ್ಮ ದುಡ್ಡಿನ ಮೇಲೆ ಅದು ಶೇ. 50! ಬೆಲೆ ಶೇ. 20 ಇಳಿದ್ರೆ? ನಮ್ಮ 1 ಲಕ್ಷ ಪೂರ್ತಿ ಹೋಯ್ತು, ಸಾಲ ಮಾತ್ರ ಹಾಗೇ ನಿಂತಿರುತ್ತೆ.

ಸೈಟಿಗಾದ್ರೆ ಕೊನೆಗೆ ಮಾರೋಕೆ ನೆಲವಾದ್ರೂ ಇರುತ್ತೆ. ನಮ್ಮಲ್ಲೊಬ್ಬರ ಊರು ಅರಸೀಕೆರೆ. ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ಅಲ್ಲ, ಹರಪನಹಳ್ಳಿ ತಾಲ್ಲೂಕಿನದು. ಅಲ್ಲಿನಂಥ ಒಣಭೂಮಿಯ ರೈತ ಸಾಲ ಮಾಡಿ ಬೋರ್‌ವೆಲ್ ಕೊರೆಸೋದೂ ಪಕ್ಕಾ ಲಿವರೇಜೇ. ನೀರು ಬಿದ್ರೆ ಮಳೆಗೆ ಕಾಯದೆ ಇನ್ನೊಂದು ಬೆಳೆ ತೆಗೀಬಹುದು. ಬೀಳದಿದ್ರೆ ಶೇ. 20 ಅಲ್ಲ, ಹಾಕಿದ್ದೆಲ್ಲ ಮಣ್ಣುಪಾಲು. ಬಡ್ಡಿ ಮಾತ್ರ ಬೆಳೀತಾ ಇರುತ್ತೆ. ಒಣ ಬೋರನ್ನ ಯಾರೂ ಕೊಳ್ಳಲ್ಲ.