‘ಜೆಸಿಬಿಗೆ ಏನೂ ಆಗಲ್ಲ ಬಿಡಿ’ ಅನ್ನುವವರಿಗೆ

ನಾಲೆಯ ಹೂಳು ತೆಗೆಯಬೇಕು, ಗದ್ದೆ ಮಟ್ಟ ಮಾಡಬೇಕು, ಪೈಪ್‌ಲೈನ್‌ಗೆ ಕಾಲುವೆ ತೋಡಬೇಕು, ಮನೆ ಪಾಯ ತೆಗೆಯಬೇಕು ಎಂದರೆ ದಾವಣಗೆರೆ–ಹರಿಹರ ಸೀಮೆಯಲ್ಲಿ ಮೊದಲ ಫೋನ್ ಹೋಗುವುದು ಜೆಸಿಬಿ ಮಾಲೀಕರಿಗೆ. ಬಾಡಿಗೆ ಗಂಟೆಯ ಲೆಕ್ಕ. ಹಾಗಾಗಿ ಕೆಲಸ ಕೊಟ್ಟವರಿಗೂ ಅವಸರ, ಓಡಿಸುವವರಿಗೂ ಅವಸರ. ಈ ಅವಸರದ ನಡುವೆ, ಯಂತ್ರ ದೊಡ್ಡದಿದೆ ಎಂಬ ಒಂದೇ ಧೈರ್ಯದ ಮೇಲೆ ಕೆಲವು ತಪ್ಪು ನಂಬಿಕೆಗಳು ಗಟ್ಟಿಯಾಗಿ ಕೂತಿವೆ.

ತಪ್ಪು ಕಲ್ಪನೆ 1: ಇಷ್ಟು ಭಾರದ ಗಾಡಿ, ಹರಿಯುವ ನೀರು ಏನು ಮಾಡೀತು?

ವಾಸ್ತವ: ತುಂಗಭದ್ರೆ ತುಂಬಿ ಹರಿದಾಗ ಸಾರಥಿ–ಚಿಕ್ಕಬಿದರಿ ನಡುವಿನ ರಸ್ತೆ ಮುಳುಗುವುದು ಈ ಭಾಗದವರಿಗೆ ಗೊತ್ತಿರುವ ವಿಷಯ. ಇಂಥ ಕಡೆ ಅಪಾಯ ಬರೀ ಸೆಳವಿನದಲ್ಲ. ರಸ್ತೆಯ ಅಂಚು ಒಳಗೊಳಗೇ ಕೊರೆದುಹೋಗಿದ್ದರೂ ಮೇಲಿನಿಂದ ಕಾಣುವುದಿಲ್ಲ. ಒಂದು ಚಕ್ರ ಜಾರಿದರೆ ಸಾಕು, ಅದೇ ಭಾರ ಗಾಡಿಯನ್ನು ಕೆಡವುತ್ತದೆ. ಎಂಜಿನ್ ಗಾಳಿಯ ಜೊತೆ ನೀರನ್ನು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ನೀರಿನಲ್ಲಿ ನಿಂತು ಬಂದ ಗಾಡಿಯ ಆಕ್ಸಲ್ ಆಯಿಲ್ ಬಿಚ್ಚಿ ನೋಡಿ. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಆಯಿಲ್ ಬದಲಿಸದೆ ಓಡಿಸಿದರೆ ಬೇರಿಂಗ್ ಉಳಿಯುವುದಿಲ್ಲ.

ತಪ್ಪು ಕಲ್ಪನೆ 2: ಎರೆ ಮಣ್ಣು ಗಟ್ಟಿ, ಗುಂಡಿಯ ಗೋಡೆ ನಿಲ್ಲುತ್ತದೆ.

ವಾಸ್ತವ: ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ನೆನೆದಾಗ ಉಬ್ಬುತ್ತದೆ. ಬಿರುಕಿನ ಗುಂಟ ನೀರಿಳಿದರೆ ಗೋಡೆ ಮುನ್ಸೂಚನೆ ಕೊಡದೆ ಹೋಳಾಗಿ ಕಳಚುತ್ತದೆ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು ಒಂದೂವರೆ ಟನ್. ಸೊಂಟದವರೆಗೆ ಹೂತವರನ್ನೂ ಕೈ ಹಿಡಿದು ಎಳೆದು ತೆಗೆಯಲಾಗದು. ಗುಂಡಿ ತೋಡುವ ಕೆಲಸಕ್ಕೆಂದೇ ಐಎಸ್ 3764 ಎಂಬ ಭಾರತೀಯ ಮಾನಕವಿದೆ. ಅದರಂತೆ ಒಂದೂವರೆ ಮೀಟರ್‌ಗಿಂತ ಆಳದ ಕಾಲುವೆಯ ಗೋಡೆಗೆ ಆಸರೆ ಕೊಡಬೇಕು, ತೆಗೆದ ಮಣ್ಣನ್ನು ಅಂಚಿಗೇ ಸುರಿಯದೆ ದೂರ ಹಾಕಬೇಕು. ಜೆಸಿಬಿಯೂ ಅಂಚಿಗೆ ಬರಬಾರದು. ಹಿಂದಿನ ಎರಡೂ ಜಾಕ್ ಊರಿ, ಮೆತ್ತನೆ ನೆಲವಾದರೆ ಅವುಗಳ ಕೆಳಗೆ ದಪ್ಪ ಹಲಗೆ ಕೊಡಿ.

ತಪ್ಪು ಕಲ್ಪನೆ 3: ರಬ್ಬರ್ ಟೈರ್ ಇದೆ, ಕರೆಂಟ್ ಹೊಡೆಯಲ್ಲ.

ವಾಸ್ತವ: ಪಂಪ್‌ಸೆಟ್ಟಿಗೆ ಹೋಗುವ 11 ಸಾವಿರ ವೋಲ್ಟ್ ಲೈನ್ ಹೊಲದ ಮೇಲೆಯೇ ಹಾದಿರುತ್ತದೆ. ಅಷ್ಟು ವೋಲ್ಟೇಜನ್ನು ಟೈರ್ ತಡೆಯುತ್ತದೆ ಎಂದು ನಂಬಿ ಕೂರುವಂತಿಲ್ಲ. ಊರಿದ ಜಾಕ್ ಹೇಗೂ ಕಬ್ಬಿಣ. ಬೂಮ್ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರಬಹುದು. ಅಮೆರಿಕದ ನಿಯಮದಲ್ಲಿ 50 ಸಾವಿರ ವೋಲ್ಟ್‌ವರೆಗಿನ ಲೈನಿಗೆ ಕನಿಷ್ಠ 10 ಅಡಿ ಅಂತರ ಇಡಬೇಕು. ನಾವೂ ಅದಕ್ಕಿಂತ ಕಡಿಮೆ ಮಾಡಬಾರದು. ತಂತಿ ತಗುಲಿದರೆ ಆಪರೇಟರ್ ಕ್ಯಾಬಿನ್‌ನಲ್ಲೇ ಕೂರಬೇಕು, ಯಾರೂ ಗಾಡಿಯ ಹತ್ತಿರ ಸುಳಿಯಬಾರದು, ಬೆಸ್ಕಾಂನ 1912ಕ್ಕೆ ಕರೆ ಮಾಡಬೇಕು. ಬೆಂಕಿ ಹೊತ್ತಿ ಇಳಿಯಲೇಬೇಕಾಗಿ ಬಂದರೆ ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದಂತೆ ಎರಡೂ ಪಾದ ಜೋಡಿಸಿ ಧುಮುಕಿ, ಪಾದ ಅಗಲಿಸದೆ ಕುಪ್ಪಳಿಸುತ್ತ ದೂರ ಹೋಗಬೇಕು.

ತಪ್ಪು ಕಲ್ಪನೆ 4: ಗಾಡಿ ಪಲ್ಟಿಯಾಗುವಂತಿದ್ದರೆ ಹಾರಿಕೊಂಡರಾಯಿತು.

ವಾಸ್ತವ: ಹಾರಿದವರು ಬೀಳುವುದು ಹೆಚ್ಚಾಗಿ ಗಾಡಿ ಉರುಳುವ ಕಡೆಗೇ, ಕ್ಯಾಬಿನ್ನಿನ ಅಡಿಗೇ. ಉರುಳಿದರೂ ಒಳಗಿರುವವರು ಉಳಿಯಲಿ ಎಂದೇ ಈಗಿನ ಕ್ಯಾಬಿನ್ನಿನ ಚೌಕಟ್ಟು ಮಾಡಿರುತ್ತಾರೆ. ಬೆಲ್ಟ್ ಕಟ್ಟಿಕೊಂಡು ಸೀಟಿಗೆ ಅಂಟಿ ಕೂತವರಿಗಷ್ಟೇ ಅದು ಕೆಲಸಕ್ಕೆ ಬರುತ್ತದೆ.

ತಪ್ಪು ಕಲ್ಪನೆ 5: ಬಕೆಟ್‌ನಲ್ಲಿ ಎರಡು ನಿಮಿಷ ನಿಂತರೆ ಏನಾಗುತ್ತೆ?

ವಾಸ್ತವ: ಮೆರವಣಿಗೆಯಲ್ಲಿ ಬಕೆಟ್ ಏರಿ ನಾಯಕರ ಮೇಲೆ ಹೂ ಸುರಿಯುವುದು ಈಗ ಮಾಮೂಲಾಗಿದೆ. ಆ ಬಕೆಟ್ ಮಾಡಿರುವುದು ಮಣ್ಣಿಗೆ, ಮನುಷ್ಯರಿಗಲ್ಲ. ಹೋಸ್ ಒಡೆದರೆ, ಲಿವರ್‌ಗೆ ಮೊಣಕೈ ತಾಗಿದರೆ ನಿಂತವರು ನೇರ ನೆಲಕ್ಕೆ. ಬೀದಿ ದೀಪ ಹಾಕುವುದಕ್ಕೂ ಅಷ್ಟೇ, ಬಕೆಟ್ ಬೇಡ.

ತಪ್ಪು ಕಲ್ಪನೆ 6: ಹೋಸ್ ಸ್ವಲ್ಪ ಜಿನುಗುತ್ತಿದೆ, ಕೈ ಆಡಿಸಿ ನೋಡಿದರೆ ಗೊತ್ತಾಗುತ್ತದೆ.

ವಾಸ್ತವ: ಹೈಡ್ರಾಲಿಕ್ ಆಯಿಲ್ 200 ಬಾರ್‌ಗೂ ಮೀರಿದ ಒತ್ತಡದಲ್ಲಿ ಹರಿಯುತ್ತದೆ. ಟಿಪ್ಪರ್ ಟೈರಿನ ಗಾಳಿಯ ಒತ್ತಡ ಎಂಟು ಬಾರ್ ಆಸುಪಾಸು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ಸೀಳಿ ಒಳಗೆ ಸೇರುತ್ತದೆ. ಹೊರಗೆ ಕಾಣುವುದು ಸಣ್ಣ ಚುಕ್ಕೆ, ಮೊದಲಿಗೆ ನೋವೂ ಕಡಿಮೆ. ತಡ ಮಾಡಿದರೆ ಬೆರಳನ್ನೇ ಕತ್ತರಿಸಬೇಕಾದೀತು. ಮುಲಾಮು ಹಚ್ಚಿ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲ್ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಿ. ಲೀಕ್ ಹುಡುಕಲು ರಟ್ಟಿನ ತುಂಡು ಸಾಕು.

ತಪ್ಪು ಕಲ್ಪನೆ 7: ಗ್ರೀಸ್, ಕ್ಲೀನಿಂಗ್ ಎಲ್ಲ ಸರ್ವಿಸ್ ದಿನಕ್ಕೆ.

ವಾಸ್ತವ: ಪಿನ್–ಬುಶ್‌ಗೆ ಗ್ರೀಸ್ ದಿನದ ಕೆಲಸ, ಕೆಸರಿನಲ್ಲಿ ದುಡಿದ ದಿನ ಇನ್ನೂ ಹೆಚ್ಚು. ಭತ್ತದ ಕೊಯ್ಲಿನ ಕಾಲದಲ್ಲಿ ಹೊಟ್ಟು, ಧೂಳು ರೇಡಿಯೇಟರಿನ ಜಾಲರಿಗೆ ಮೆತ್ತಿಕೊಂಡು ಎಂಜಿನ್ ಕಾಯುತ್ತದೆ. ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಬರುತ್ತದೆ, ಆರಲು ಬಿಡಿ. ಸಂಜೆ ನಿಲ್ಲಿಸುವಾಗ ಒಂದೆರಡು ನಿಮಿಷ ಎಂಜಿನ್ ಸ್ಲೋ ಓಡಿಸಿದರೆ ಟರ್ಬೊ ಬಾಳುತ್ತದೆ. ಬಕೆಟ್ ನೆಲಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಕೀ ತೆಗೆದುಕೊಂಡೇ ಇಳಿಯಿರಿ.

ತಪ್ಪು ಕಲ್ಪನೆ 8: ಫುಲ್ ಇನ್ಶೂರೆನ್ಸ್ ಇದೆ, ಎಲ್ಲ ಸಿಗುತ್ತದೆ.

ವಾಸ್ತವ: ಪಾಲಿಸಿಯಲ್ಲಿ ‘ಐಎಂಟಿ 47’ ಎಂಬ ಸಾಲನ್ನು ಹುಡುಕಿ. ಅಗೆಯುವ, ಎತ್ತುವ ಕೆಲಸದಲ್ಲಿದ್ದಾಗ ಗಾಡಿ ಪಲ್ಟಿಯಾದರೆ ಆ ನಷ್ಟಕ್ಕೆ ಕಂಪನಿ ಹೊಣೆಯಲ್ಲ ಎನ್ನುತ್ತದೆ ಅದು. ಆ ರಕ್ಷಣೆ ಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಆಪರೇಟರ್ ಬಳಿ ಆ ಗಾಡಿಗೆ ಸಲ್ಲುವ ಲೈಸೆನ್ಸ್ ಇಲ್ಲದಿದ್ದರೆ ಕ್ಲೇಮ್ ಅಲ್ಲಿಗೇ ತಕರಾರಿಗೆ ಬೀಳುತ್ತದೆ.

ಗ್ರೀಸ್ ಹೊಡೆದು, ಹೋಸ್ ನೋಡಿ, ಸುತ್ತಲಿನ ತಂತಿ–ಗುಂಡಿ ಗಮನಿಸಲು ಬೆಳಿಗ್ಗೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯ ಬಾಡಿಗೆ ಕೊಡುವಾಗ ಕೆಲಸ ಕೊಟ್ಟವರು ಮುಖ ಸಿಂಡರಿಸಬಾರದು, ಮಾಲೀಕರು ಆಪರೇಟರನ್ನು ಅವಸರಿಸಬಾರದು.