ಗ್ರಂಥಸೂಚಿಯಲ್ಲಿ ಹೆಸರು ಕೆಡದಂತೆ

ಸಂಶೋಧನಾ ಪ್ರಬಂಧದ ಕೊನೆಗೆ ಬರುವ ಗ್ರಂಥಸೂಚಿಯನ್ನು ಈಗ ಝೊಟೆರೊದಂಥ ತಂತ್ರಾಂಶಗಳೇ ಜೋಡಿಸಿಕೊಡುತ್ತವೆ. 2006ರಲ್ಲಿ ಬಂದ, ಹಣ ಕೊಡದೆ ಬಳಸಬಹುದಾದ ಈ ತಂತ್ರಾಂಶದಲ್ಲಿ ಲೇಖಕರ ಹೆಸರಿಗೆ ಎರಡು ಚೌಕಗಳಿವೆ: ಒಂದು ಅಡ್ಡಹೆಸರಿಗೆ, ಇನ್ನೊಂದು ಇಟ್ಟ ಹೆಸರಿಗೆ. ನಡುವೆ ಬರುವ ಚಿಕ್ಕ ತುಣುಕು ಯಾವ ಚೌಕಕ್ಕೆ ಸೇರಬೇಕು ಎಂಬಲ್ಲಿ ತೊಡಕು ಶುರುವಾಗುತ್ತದೆ.

ಯುರೋಪಿನ ಹೆಸರುಗಳಲ್ಲಿ ಇಂಥ ತುಣುಕುಗಳು ಬಹಳ. ಜರ್ಮನ್ ಕವಿ ಯೋಹಾನ್ ವೋಲ್ಫ್‌ಗಾಂಗ್ ಫಾನ್ ಗಯಟೆಯನ್ನು ಬರೀ ಗಯಟೆ ಎಂದು ಕರೆಯುವಾಗ ‘ಫಾನ್’ ಉದುರಿಹೋಗುತ್ತದೆ. ಡಚ್ ಚಿತ್ರಕಾರ ವ್ಯಾನ್ ಗೋ ಹೆಸರಿನ ‘ವ್ಯಾನ್’ ಮಾತಿನಲ್ಲಿ ಉಳಿಯುತ್ತದೆ. ಆದರೆ ನೆದರ್‌ಲ್ಯಾಂಡ್ಸ್‌ನ ಅಕಾರಾದಿಯಲ್ಲಿ ಆತನನ್ನು ಹುಡುಕಬೇಕಾದದ್ದು ‘ಗೋ’ ಎಂಬಲ್ಲಿ. ಪಕ್ಕದ ಬೆಲ್ಜಿಯಂನಲ್ಲಿ ಇಂಥ ಹೆಸರುಗಳು ‘ವ್ಯಾನ್’ ಕೆಳಗೇ ಬರುತ್ತವೆ. ಆದ್ದರಿಂದಲೇ ತಂತ್ರಾಂಶ ಉದುರುವ ತುಣುಕು, ಉದುರದ ತುಣುಕು ಎಂದು ಬೇರೆ ಬೇರೆ ಲೆಕ್ಕ ಇಡುತ್ತದೆ.

ಗುರುತಿಸುವ ಬಗೆ ಸರಳ. 1985ರ ಬಿಬ್‌ಟೆಕ್ ಎಂಬ ಗ್ರಂಥಸೂಚಿ ತಂತ್ರಾಂಶದಲ್ಲಿ, ಹೆಸರಿನ ನಡುವಿನ ಪದ ಇಂಗ್ಲಿಷಿನ ಚಿಕ್ಕಕ್ಷರದಿಂದ ಶುರುವಾದರೆ ಅದು ತುಣುಕು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲ. ಮಹಾಭಾರತದ ಮೊದಲ ಐದು ಪರ್ವಗಳನ್ನು ಇಂಗ್ಲಿಷಿಗೆ ತಂದ ವ್ಯಾನ್ ಬ್ಯೂಟೆನೆನ್ ಅವರ ಹೆಸರನ್ನು ಕನ್ನಡದಲ್ಲಿ ಬರೆದರೆ ಆ ಗುರುತು ಸಿಗುವುದೇ ಇಲ್ಲ. ಬರೆಯುವವರೇ ಹೆಸರನ್ನು ಬಿಡಿಸಿ ಕೊಡಬೇಕು.

ಗಡಿಭಾಗದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ರೂಢಿಗಳು ನಡೆಯುತ್ತವೆ. ಬೋರಿ ನದಿಯ ಅಣೆಕಟ್ಟೆಯಿರುವ ಕುರನೂರಿನಿಂದ ಬಂದ ಮನೆತನ ಮರಾಠಿ ರೂಢಿಯಲ್ಲಿ ಕುರನೂರಕರ ಆಗುತ್ತದೆ, ಕನ್ನಡ ರೂಢಿಯಲ್ಲಿ ಬರೀ ಕುರನೂರ. ‘ಕರ’ ಊರಿನ ಹೆಸರಿಗೆ ಅಂಟಿಕೊಂಡೇ ಇರುವುದರಿಂದ ಯಂತ್ರ ಅದನ್ನು ಕತ್ತರಿಸುವುದಿಲ್ಲ. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪಾಠ ಹೇಳಿದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರದೂ ಸಲೀಸು: ತಮ್ಮ ಹೆಸರು, ತಂದೆಯ ಹೆಸರು, ಅಡ್ಡಹೆಸರು.

ಅದೇ ಊರಿನ ಜಯದೇವಿತಾಯಿ ಲಿಗಾಡೆಯವರ ಹೆಸರು ಹಾಗಲ್ಲ. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯಾದ ಇವರ ಹೆಸರಿನ ‘ತಾಯಿ’ ಗೌರವದಿಂದ ಸೇರಿದ್ದು. ರೋಮನ್ ಲಿಪಿಯಲ್ಲಿ ಅದನ್ನು ಬಿಡಿಸಿ ಬರೆದರೆ ಯಂತ್ರ ಅದನ್ನು ನಡುಹೆಸರೆಂದು ತಿಳಿದು ಒಂದೇ ಅಕ್ಷರಕ್ಕೆ ಇಳಿಸುತ್ತದೆ. ಕೂಡಿಸಿ ಬರೆಯುವುದೇ ಲೇಸು.

ಇನ್ನೂ ದೊಡ್ಡ ತಪ್ಪು ಆಗುವುದು ಕಡೆಯ ಪದವೇ ಅಡ್ಡಹೆಸರು ಎಂದು ನಂಬಿದಾಗ. ಪಾಟೀಲ ಪುಟ್ಟಪ್ಪನವರಲ್ಲಿ ಅಡ್ಡಹೆಸರು ಮೊದಲಿಗಿದೆ, ಸಿಂಪಿ ಲಿಂಗಣ್ಣನವರಲ್ಲೂ ಅಷ್ಟೇ. ಕುವೆಂಪು ಎಂದೇ ಹೆಸರಾದ ಕೆ. ವಿ. ಪುಟ್ಟಪ್ಪನವರಿಗೆ ಅಡ್ಡಹೆಸರೇ ಇಲ್ಲ. ಕುಪ್ಪಳಿ ಊರು, ವೆಂಕಟಪ್ಪ ತಂದೆ. ಹೆಸರನ್ನು ಯಂತ್ರಕ್ಕೇ ಬಿಟ್ಟರೆ ಇಬ್ಬರು ಪುಟ್ಟಪ್ಪಂದಿರೂ ‘ಪುಟ್ಟಪ್ಪ’ ಎಂಬ ಒಂದೇ ಹೆಸರಿನ ಕೆಳಗೆ ಕೂರುತ್ತಾರೆ. ಪಾಟೀಲರು ‘ಪಾಟೀಲ, ಪುಟ್ಟಪ್ಪ’ ಎಂದೇ ಬರಬೇಕು, ಕುವೆಂಪು ‘ಪುಟ್ಟಪ್ಪ, ಕೆ. ವಿ.’ ಎಂದು.

ನಾ. ಡಿಸೋಜ ಅವರ ಹೆಸರಿನಲ್ಲಿರುವ ಪೋರ್ಚುಗೀಸ್ ತುಣುಕು ಕನ್ನಡದಲ್ಲಿ ಪೂರಾ ಬೆರೆತುಹೋಗಿದೆ. ಅದನ್ನು ಬೇರ್ಪಡಿಸದೆ ‘ಡ’ ಅಕ್ಷರದಲ್ಲೇ ಇಡಬೇಕು. ರೋಮನ್ ಲಿಪಿಯಲ್ಲಿ ತುಣುಕನ್ನು ಅಡ್ಡಹೆಸರಿಗೆ ಭದ್ರವಾಗಿ ಕಟ್ಟಬೇಕಿದ್ದರೆ, ಝೊಟೆರೊದಲ್ಲಿ ಇಡೀ ಅಡ್ಡಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಸಾಕು. ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರಂಥ ಮಠದ ಹೆಸರುಗಳಿಗೂ ಸಂಸ್ಥೆಗಳ ಹೆಸರುಗಳಿಗೂ ಎರಡು ಚೌಕ ಬೇಡ. ಪಕ್ಕದ ಗುಂಡಿ ಒತ್ತಿ ಎರಡನ್ನೂ ಒಂದಾಗಿಸಿದರೆ ಹೆಸರು ಬರೆದ ಹಾಗೆಯೇ ಅಚ್ಚಾಗುತ್ತದೆ.