ಹತ್ತಿರದ ದಾರಿಯೋ, ಒಳ್ಳೆಯ ದಾರಿಯೋ?
ಆಲ್ಪ್ಸ್ ಪರ್ವತದ ಹಿಮದಾಟಕ್ಕೆ ಮೋಟಾರಿನಲ್ಲಿ ಹೊರಡುವವರ ಲೆಕ್ಕಾಚಾರ

ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಸಣ್ಣ ಲೆಕ್ಕ ಹಾಕುತ್ತೇವೆ. ಶುಕ್ರವಾರ ರಾತ್ರಿ ಹೊರಡುವುದೋ, ಶನಿವಾರ ಬೆಳಿಗ್ಗೆಯೋ? ರೈಲೋ, ಬಸ್ಸೋ? ರಜೆ ಇರುವುದೇ ನಾಲ್ಕು ದಿನ. ಅದರಲ್ಲಿ ಒಂದು ದಿನ ದಾರಿಯಲ್ಲಿಯೇ ಹೋದರೆ ಮನೆಯವರೊಡನೆ ಕುಳಿತು ಮಾತನಾಡುವುದು ಯಾವಾಗ? ಇಂಥದೇ ಲೆಕ್ಕವನ್ನು ಯುರೋಪಿನ ಲಕ್ಷಾಂತರ ಕುಟುಂಬಗಳು ಪ್ರತಿ ಚಳಿಗಾಲದಲ್ಲಿಯೂ ಹಾಕುತ್ತವೆ. ಅವರು ಹೊರಡುವುದು ಆಲ್ಪ್ಸ್ ಪರ್ವತಕ್ಕೆ, ಹಿಮದ ಮೇಲೆ ಜಾರುವ ಆಟಕ್ಕೆ. ಆ ದೇಶದ ದಾರಿಯಲ್ಲಿ ನಾವು ಹೋಗುವ ಪ್ರಸಂಗ ಬಾರದಿರಬಹುದು. ಆದರೆ ದಾರಿಯನ್ನು ಆರಿಸುವ ವಿದ್ಯೆ ಎಲ್ಲ ಕಡೆಗೂ ಒಂದೇ ಆದುದರಿಂದ ಅದನ್ನು ಇಲ್ಲಿ ವಿವರಿಸುವುದು ಅಪ್ರಯೋಜಕವಲ್ಲವೆಂದು ಭಾವಿಸುತ್ತೇವೆ.

ಯಾರು, ಎಲ್ಲಿಗೆ?

ಸ್ಕೀ ಎಂದರೆ ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ, ಕಿರಿದಾದ ಹಲಗೆ. ಹಿಂದೆ ಅದನ್ನು ಮರದಿಂದ ಮಾಡುತ್ತಿದ್ದರು. ಇವನ್ನು ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತಾ ಬರುವುದೇ ಆಟ. ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್‌ಮಾರ್ಗ್‌ನಲ್ಲಿ, ಉತ್ತರಾಖಂಡದ ಔಲಿಯಲ್ಲಿ ಇದು ಉಂಟು.

ಉದಾಹರಣೆಗಾಗಿ ನೆದರ್‌ಲ್ಯಾಂಡ್ಸ್ ದೇಶದ ಯುಟ್ರೆಕ್ಟ್ ನಗರದ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅವರ ದೇಶ ಅಂಗೈಯಂತೆ ಸಮತಟ್ಟು. ಅಲ್ಲಿ ಜಾರುವುದಕ್ಕೆ ಬೆಟ್ಟವೇ ಇಲ್ಲ. ಫೆಬ್ರವರಿಯಲ್ಲಿ ಶಾಲೆಗೆ ಒಂದು ವಾರ ರಜೆ ಬಂದಾಗ ಅವರು ಆಸ್ಟ್ರಿಯಾ ದೇಶದ ಟಿರೋಲ್ ಪ್ರಾಂತದ ಎಟ್ಸ್ ಕಣಿವೆಗೆ ಹೊರಡುತ್ತಾರೆ. ಆ ಕಣಿವೆಯಲ್ಲಿ ಸುಮಾರು 1,370 ಮೀಟರ್ ಎತ್ತರದಲ್ಲಿ ಸೋಲ್ಡೆನ್ ಎಂಬ ಪ್ರಸಿದ್ಧವಾದ ಹಿಮದಾಟದ ಊರು ಇದೆ. ದೂರ ಸಾವಿರ ಕಿಲೋಮೀಟರಿನ ಸಮೀಪ. ನಡುವೆ ಜರ್ಮನಿ ದೇಶವನ್ನು ಉದ್ದಕ್ಕೂ ದಾಟಬೇಕು. ಹಲಗೆ, ಬೂಟು, ಉಣ್ಣೆ ಬಟ್ಟೆ, ಒಂದು ವಾರದ ದಿನಸಿ ಎಲ್ಲವನ್ನೂ ಒಯ್ಯಬೇಕಾದುದರಿಂದ ಬಹುಮಂದಿ ಸ್ವಂತ ಮೋಟಾರಿನಲ್ಲಿಯೇ ಹೋಗುತ್ತಾರೆ.

ಮೂರು ದಾರಿಗಳು

ಯುಟ್ರೆಕ್ಟ್‌ನಿಂದ ಕೊಲೋನ್, ಫ್ರಾಂಕ್‌ಫರ್ಟ್ ನಗರಗಳ ಪಕ್ಕದಿಂದ ವುರ್ಟ್ಸ್‌ಬುರ್ಗ್ ನಗರದವರೆಗೆ ನಮ್ಮ ಸಂಸಾರಕ್ಕೆ ದಾರಿ ಒಂದೇ ಎಂದಿಟ್ಟುಕೊಳ್ಳೋಣ. ಅಲ್ಲಿಂದ ಮುಂದೆ ಕವಲುಗಳು ಒಡೆಯುತ್ತವೆ.

ಮೊದಲನೆಯದು ಉಲ್ಮ್ ಮತ್ತು ಕೆಂಪ್ಟೆನ್ ನಗರಗಳ ಮೇಲಿನಿಂದ ಗಡಿಯ ಫ್ಯೂಸೆನ್ ಊರಿಗೆ ಬಂದು, ಫೆರ್ನ್ ಘಟ್ಟವನ್ನು ಹತ್ತಿ ಇಳಿಯುವ ದಾರಿ. ಈ ಘಟ್ಟದ ತಲೆ 1,200 ಮೀಟರಿಗೆ ಸ್ವಲ್ಪ ಮೇಲಿದೆ. ದೂರದಲ್ಲಿ ಇದೇ ಹತ್ತಿರದ್ದು. ಘಟ್ಟದ ರಸ್ತೆಗೆ ಸುಂಕವೂ ಇಲ್ಲ. ಆದರೆ ಅದು ಹೆದ್ದಾರಿಯಲ್ಲ. ಬಹುಪಾಲು ಹೋಗಲು ಒಂದು ಸಾಲು, ಬರಲು ಒಂದು ಸಾಲು, ಅಷ್ಟೇ.

ಎರಡನೆಯದು ನ್ಯೂರೆಂಬರ್ಗ್, ಮ್ಯೂನಿಕ್ ನಗರಗಳ ಮೇಲಿನಿಂದ ಕುಫ್‌ಸ್ಟೈನ್ ಗಡಿಗೆ ಬಂದು, ಇನ್ ನದಿಯ ಕಣಿವೆಯಲ್ಲಿ ಇನ್ಸ್‌ಬ್ರುಕ್ ನಗರವನ್ನು ದಾಟಿ ಹೋಗುವುದು. ಇದು ಸುತ್ತಿನ ದಾರಿ. ಆದರೆ ಬಹುತೇಕ ಕೊನೆಯವರೆಗೂ ಅಗಲವಾದ ಹೆದ್ದಾರಿ. ಎತ್ತರದ ಘಟ್ಟ ಹತ್ತುವ ಪ್ರಮೇಯವಿಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ಮಾತ್ರ ‘ವಿನ್ಯೆಟ್’ ಎಂಬ ಸುಂಕದ ಚೀಟಿಯನ್ನು ಮುಂಗಡವಾಗಿ ಕೊಳ್ಳಬೇಕು.

ಮೂರನೆಯದು ಉಲ್ಮ್‌ನಿಂದ ಪಶ್ಚಿಮಕ್ಕೆ ತಿರುಗಿ, ಬ್ರೆಗೆಂಟ್ಸ್ ನಗರದ ಮೇಲಿನಿಂದ ಆರ್ಲ್‌ಬರ್ಗ್ ಪರ್ವತವನ್ನು ಕೊರೆದ ಸುರಂಗದ ಮೂಲಕ ಬರುವುದು. 1978ರಲ್ಲಿ ತೆರೆದ ಈ ಸುರಂಗದ ಉದ್ದ ಸುಮಾರು 14 ಕಿಲೋಮೀಟರ್. ಇದಕ್ಕೆ ಚೀಟಿಯಲ್ಲದೆ ಪ್ರತ್ಯೇಕ ಸುಂಕವೂ ಉಂಟು. ಸುರಂಗದ ಬಾಯಲ್ಲಿಯೇ ಇರುವ ಸೇಂಟ್ ಆಂಟನ್ ಊರಿಗೆ ಹೋಗುವವರಿಗೆ ಇದು ಅನುಕೂಲ.

ಲೆಕ್ಕದ ರೀತಿ

ಇಂತಹ ಕವಲು ದಾರಿಗಳಲ್ಲಿ ಅತ್ಯಂತ ಕಡಿಮೆಯದನ್ನು ತಪ್ಪಿಲ್ಲದೆ ಕಂಡುಹಿಡಿಯುವ ಒಂದು ಕ್ರಮವನ್ನು 1956ರಲ್ಲಿ ಡೈಕ್‌ಸ್ಟ್ರಾ ಎಂಬ ಡಚ್ ವಿದ್ವಾಂಸರು ಕಂಡುಕೊಂಡರು. ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕುಳಿತು, ಕಾಗದ ಪೆನ್ಸಿಲ್ ಇಲ್ಲದೆ, ಇಪ್ಪತ್ತು ನಿಮಿಷದಲ್ಲಿ ಇದು ಹೊಳೆಯಿತೆಂದು ಅವರೇ ಮುಂದೆ ಹೇಳಿದ್ದಾರೆ. ರೋಟರ್‌ಡ್ಯಾಮಿನಿಂದ ಗ್ರೋನಿಂಗೆನ್ ನಗರಕ್ಕೆ ಹತ್ತಿರದ ದಾರಿ ಯಾವುದು ಎಂಬುದೇ ಅವರು ಹಾಕಿಕೊಂಡಿದ್ದ ಪ್ರಶ್ನೆ. 1959ರಲ್ಲಿ ಅಚ್ಚಾದ ಅವರ ಲೇಖನ ಮೂರೇ ಪುಟದ್ದು. ಇಂದು ನಮ್ಮ ಕೈಯಲ್ಲಿರುವ ಫೋನಿನ ನಕ್ಷೆ ದಾರಿ ತೋರಿಸುವುದರ ಬುಡದಲ್ಲಿ ಇರುವುದು ಇದೇ ವಿಚಾರ.

ಕ್ರಮ ಬಹಳ ಸರಳ. ಹೊರಟ ಊರಿಗೆ ಸೊನ್ನೆ ಎಂದು ಬರೆಯಿರಿ. ಅಲ್ಲಿಂದ ನೇರವಾಗಿ ತಲಪುವ ಊರುಗಳಿಗೆ ಎಷ್ಟು ಹೊತ್ತು ಎಂದು ಬರೆಯಿರಿ. ಬರೆದುದರಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಖಾಯಂ ಮಾಡಿ, ಆ ಊರಿನಿಂದ ಮುಂದಕ್ಕೆ ಕೂಡಿಸಿ. ಒಂದೇ ಊರಿಗೆ ಎರಡು ಅಂಕಿ ಬಂದರೆ ದೊಡ್ಡದನ್ನು ಹೊಡೆದು ಹಾಕಿ. ಸೇರಬೇಕಾದ ಊರು ಖಾಯಂ ಆಗುವವರೆಗೆ ಇದನ್ನೇ ಮಾಡುತ್ತಾ ಹೋಗಿ. ಜಮಾ-ಖರ್ಚಿನ ಪುಸ್ತಕ ಬರೆಯಬಲ್ಲ ಗುಮಾಸ್ತರಾರಿಗೂ ಇದು ಕಷ್ಟವಲ್ಲ.

ನಮ್ಮ ಸಂಸಾರದ ಲೆಕ್ಕವನ್ನು ಮೊದಲ ಎರಡು ದಾರಿಗಳಿಗೆ ಹಾಕಿ ನೋಡೋಣ. ಗಂಟೆಗಳು ಉದಾಹರಣೆಗಾಗಿ ಇಟ್ಟುಕೊಂಡ ಸ್ಥೂಲ ಅಂಕಿಗಳು. ವುರ್ಟ್ಸ್‌ಬುರ್ಗ್‌ಗೆ 5 ಗಂಟೆ. ಅಲ್ಲಿಂದ ನ್ಯೂರೆಂಬರ್ಗ್‌ಗೆ ಒಂದೂಕಾಲು ಸೇರಿ 6 ಗಂಟೆ 15 ನಿಮಿಷ. ಉಲ್ಮ್‌ಗೆ ಒಂದೂಮುಕ್ಕಾಲು ಸೇರಿ 6 ಗಂಟೆ 45 ನಿಮಿಷ. ಕಡಿಮೆಯದು ನ್ಯೂರೆಂಬರ್ಗ್, ಅಲ್ಲಿಂದ ಮ್ಯೂನಿಕ್‌ಗೆ ಒಂದೂಮುಕ್ಕಾಲು, ಅಂದರೆ 8 ಗಂಟೆ. ಆಮೇಲೆ ಉಲ್ಮ್, ಅಲ್ಲಿಂದ ಫ್ಯೂಸೆನ್‌ಗೆ ಒಂದೂಕಾಲು, ಅದೂ 8 ಗಂಟೆ. ಮ್ಯೂನಿಕ್‌ನಿಂದ ಕುಫ್‌ಸ್ಟೈನ್‌ಗೆ ಒಂದು ಗಂಟೆ, ಅಲ್ಲಿಂದ ಎಟ್ಸ್ ಕಣಿವೆಯ ಬಾಯಿಗೆ ಒಂದೂಕಾಲು: ಒಟ್ಟು 10 ಗಂಟೆ 15 ನಿಮಿಷ. ಫ್ಯೂಸೆನ್‌ನಿಂದ ಘಟ್ಟ ದಾಟಿ ಅದೇ ಬಾಯಿಗೆ ಒಂದೂವರೆ: ಒಟ್ಟು 9 ಗಂಟೆ 30 ನಿಮಿಷ. ದೊಡ್ಡದನ್ನು ಹೊಡೆದರೆ ಫೆರ್ನ್ ಘಟ್ಟದ ದಾರಿಯೇ ಮುಕ್ಕಾಲು ಗಂಟೆಯಿಂದ ಗೆಲ್ಲುತ್ತದೆ. ಮೂರನೆಯ ದಾರಿಯನ್ನೂ ಹೀಗೆಯೇ ಕೂಡಿಸಿ ನೋಡಬಹುದು.

ಶನಿವಾರದ ಕಾಟ

ಆದರೆ ಇದು ರಸ್ತೆ ಬರಿದಾಗಿರುವ ದಿನದ ಲೆಕ್ಕ. ಆಲ್ಪ್ಸ್ ಪ್ರದೇಶದಲ್ಲಿ ಬಾಡಿಗೆ ಮನೆಗಳನ್ನು ಬಹುಮಟ್ಟಿಗೆ ಶನಿವಾರದಿಂದ ಶನಿವಾರಕ್ಕೆ ಕೊಡುವುದು ವಾಡಿಕೆ. ಬೆಳಿಗ್ಗೆ ಹಳೆಯ ಬಾಡಿಗೆಯವರು ಬಿಡಬೇಕು, ಸಾಯಂಕಾಲ ಹೊಸಬರು ಸೇರಬೇಕು. ಹೀಗಾಗಿ ಬರುವವರೂ ಹೋಗುವವರೂ ಅದೇ ದಿನ ಅದೇ ರಸ್ತೆಯಲ್ಲಿ. ಬಯಲಿನಲ್ಲಿ ಹತ್ತಾರು ರಸ್ತೆಗಳಿದ್ದರೂ ಪರ್ವತದೊಳಗೆ ನುಗ್ಗುವ ಬಾಗಿಲುಗಳು ಕೆಲವೇ. ಆಲಿಕೆಯಲ್ಲಿ ಒಮ್ಮೆಗೇ ಕೊಡ ಎಣ್ಣೆ ಸುರಿದಂತೆ ಆಗುತ್ತದೆ. ಇದನ್ನು ತಪ್ಪಿಸಲೆಂದೇ ನೆದರ್‌ಲ್ಯಾಂಡ್ಸ್‌ನಲ್ಲಿ ದೇಶವನ್ನು ಮೂರು ಭಾಗ ಮಾಡಿ ಶಾಲೆಯ ರಜೆಗಳನ್ನು ಹಿಂದೆ ಮುಂದೆ ಇಡುತ್ತಾರೆ. ಜರ್ಮನಿಯ ರಾಜ್ಯಗಳೂ ಬೇರೆ ಬೇರೆ ವಾರ ಕೊಡುತ್ತವೆ. ಆದರೂ ಫೆಬ್ರವರಿಯಲ್ಲಿ ಕೆಲವು ರಜೆಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಫ್ಯೂಸೆನ್ ಗಡಿಯ ಸುರಂಗದ ಮುಂದೆ ಗಾಡಿಗಳನ್ನು ನಿಲ್ಲಿಸಿ, ತಂಡ ತಂಡವಾಗಿ ಒಳಗೆ ಬಿಡುವುದುಂಟು.

ಅಂತಹ ಶನಿವಾರ ಘಟ್ಟದ ದಾರಿಯಲ್ಲಿ 2 ಗಂಟೆ, ಮ್ಯೂನಿಕ್ ದಾರಿಯಲ್ಲಿ 1 ಗಂಟೆ ಹೆಚ್ಚಾಯಿತೆಂದು ಇಟ್ಟುಕೊಳ್ಳಿ. ಘಟ್ಟದ ದಾರಿ 11 ಗಂಟೆ 30 ನಿಮಿಷ. ಸುತ್ತಿನ ದಾರಿ 11 ಗಂಟೆ 15 ನಿಮಿಷ. ಹತ್ತಿರದ್ದು ಸೋತಿತು. ಆದರೆ ಗೆದ್ದದ್ದಾದರೂ ಎಷ್ಟು? ಕಾಲು ಗಂಟೆ! ಅದೇ ಸಂಸಾರ ಭಾನುವಾರದಿಂದ ಮನೆ ಕೊಡುವವರನ್ನು ಹುಡುಕಿ, ಬರಿದಾದ ರಸ್ತೆಯಲ್ಲಿ ಹೊರಟರೆ ಘಟ್ಟದ ದಾರಿಯಲ್ಲಿಯೇ 9 ಗಂಟೆ 30 ನಿಮಿಷಕ್ಕೆ ತಲಪುತ್ತದೆ. ಉಳಿತಾಯ ಒಂದೂಮುಕ್ಕಾಲು ಗಂಟೆ. ದಾರಿ ಬದಲಿಸುವುದಕ್ಕಿಂತ ದಿನ ಬದಲಿಸುವುದೇ ಮೇಲು ಎಂಬುದು ಇದರಿಂದ ತಿಳಿಯುತ್ತದೆ. ದಿನ ಬದಲಿಸಲಾಗದವರು ಶುಕ್ರವಾರ ಅರ್ಧ ದಾರಿ ಬಂದು, ರಾತ್ರಿ ತಂಗಿ, ನಸುಕಿನಲ್ಲಿಯೇ ಪರ್ವತದ ಬಾಗಿಲು ದಾಟಿಬಿಡುತ್ತಾರೆ. ತಂಗುವ ಖರ್ಚು ಬರುತ್ತದೆ, ನಿಜ. ಆದರೆ ಹತ್ತು ಗಂಟೆ ಗಾಡಿ ನಡೆಸಿ ದಣಿದವನು ಕತ್ತಲಲ್ಲಿ ಹಿಮದ ಘಟ್ಟ ಹತ್ತುವುದು ತಪ್ಪುತ್ತದೆ.

ಒಳದಾರಿಯ ಆಸೆ

ಗಾಡಿಗಳು ನಿಂತಾಗ ಫೋನಿನ ನಕ್ಷೆ ಒಂದು ಉಪಾಯ ಹೇಳುತ್ತದೆ: ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿಯಿರಿ, ಹತ್ತು ನಿಮಿಷ ಉಳಿಯುತ್ತದೆ. ಒಬ್ಬನಿಗೆ ಇದು ಸರಿ. ಆದರೆ ಅದೇ ಉಪಾಯವನ್ನು ಅದೇ ಹೊತ್ತಿನಲ್ಲಿ ಸಾವಿರ ಜನರಿಗೆ ಹೇಳಿದರೆ? ಟಿರೋಲಿನ ಹಳ್ಳಿಗಳಲ್ಲಿ ಹಾಗೆಯೇ ಆಯಿತು. ಊರವರು ಅಂಗಡಿಗೆ ಹೋಗುವುದು ಕಷ್ಟವಾಯಿತು. ಬೆಂಕಿಯ ಬಂಡಿಗೂ ಆಸ್ಪತ್ರೆಯ ಗಾಡಿಗೂ ದಾರಿ ಸಿಗದೆಂಬ ಭಯ ಹುಟ್ಟಿತು. ಕೊನೆಗೆ 2019ರ ಬೇಸಿಗೆಯಲ್ಲಿ ಟಿರೋಲ್ ಸರಕಾರ, ವಾರದ ಕೊನೆಯ ದಿನಗಳಲ್ಲಿ ದೂರ ಪ್ರಯಾಣದವರು ಹೆದ್ದಾರಿ ಬಿಟ್ಟು ಕೆಲವು ಒಳದಾರಿಗಳಿಗೆ ಇಳಿಯಕೂಡದೆಂದು ನಿಷೇಧ ಹಾಕಿತು. ಮುಂದೆ ಚಳಿಗಾಲಕ್ಕೂ ಅದನ್ನು ವಿಸ್ತರಿಸಿತು. ನೆರೆಯ ಜರ್ಮನಿಯಲ್ಲಿ ಇದಕ್ಕೆ ಆಕ್ಷೇಪಣೆ ಎದ್ದರೂ ಟಿರೋಲಿನವರು ಬಿಡಲಿಲ್ಲ.

ಕುಫ್‌ಸ್ಟೈನ್‌ನಲ್ಲಿ ಇನ್ನೊಂದು ವಿಧದ ತೊಂದರೆಯಿತ್ತು. ಗಡಿ ದಾಟಿದ ಕೂಡಲೆ ಬರುವ ನಾಲ್ಕಾರು ಕಿಲೋಮೀಟರಿನ ಸುಂಕ ಉಳಿಸಲೆಂದು ಜನ ಊರೊಳಗೇ ನುಗ್ಗುತ್ತಿದ್ದರು. 2019ರ ಡಿಸೆಂಬರ್ 15ರಿಂದ ಆ ತುಂಡಿಗೆ ಸುಂಕದ ಚೀಟಿ ಬೇಡವೆಂದು ಆಸ್ಟ್ರಿಯಾ ಮಾಡಿತು. ಒಂದು ಕಡೆ ನಿಷೇಧ, ಇನ್ನೊಂದು ಕಡೆ ವಿನಾಯಿತಿ. ಉದ್ದೇಶ ಎರಡರದೂ ಒಂದೇ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಹಣ, ಹೊತ್ತು ಎರಡಕ್ಕಿಂತಲೂ ದೊಡ್ಡದೊಂದು ಲೆಕ್ಕ ಉಂಟು. 2014ರ ಡಿಸೆಂಬರ್ 27, ಶನಿವಾರ, ಫ್ರಾನ್ಸಿನ ಆಲ್ಪ್ಸ್ ಸೀಮೆಯ ಸವಾ ಪ್ರಾಂತದಲ್ಲಿ ಭಾರಿ ಹಿಮ ಬಿದ್ದು ಸುಮಾರು 15,000 ಮೋಟಾರು ಪ್ರಯಾಣಿಕರು ದಾರಿಯಲ್ಲಿಯೇ ಸಿಕ್ಕಿಬಿದ್ದರು. ಅಂದು ಬರುವವರೂ ಹೋಗುವವರೂ ಕೂಡಿದ ದಿನ. ಅನೇಕರು ತುರ್ತಾಗಿ ತೆರೆದ ಆಶ್ರಯಗಳಲ್ಲಿ ರಾತ್ರಿ ಕಳೆದರು. ಚಳಿಗಾಲಕ್ಕೆ ತಕ್ಕ ಟೈರು, ಚಕ್ರಕ್ಕೆ ಸುತ್ತುವ ಸರಪಳಿ ಇಲ್ಲದ ಒಂದು ಗಾಡಿ ಏರಿನಲ್ಲಿ ಅಡ್ಡ ನಿಂತರೆ ಹಿಂದಿನ ಎಲ್ಲರೂ ನಿಲ್ಲಬೇಕು. ಬೆಟ್ಟದ ಪ್ರದೇಶಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಇಂತಹ ಟೈರು ಅಥವಾ ಸರಪಳಿ ಇರಲೇಬೇಕೆಂಬ ನಿಯಮ ಫ್ರಾನ್ಸಿನಲ್ಲಿ 2021ರಲ್ಲಿ ಜಾರಿಗೆ ಬಂತು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ಹಿಮ ಅಥವಾ ಮಂಜುಗಡ್ಡೆ ಇರುವಾಗ, ಚಳಿಗಾಲದ ಟೈರು ಕಡ್ಡಾಯ. ಅದರ ಪಟ್ಟಿಗಳ ಆಳ 4 ಮಿಲಿಮೀಟರಿಗೆ ಕಡಿಮೆ ಇರಕೂಡದು. ಸಮತಟ್ಟಾದ ನೆದರ್‌ಲ್ಯಾಂಡ್ಸ್‌ನಲ್ಲಿ ಇಂತಹ ಕಡ್ಡಾಯವಿಲ್ಲದ ಕಾರಣ ನಮ್ಮ ಸಂಸಾರ ಇದನ್ನು ಹೊರಡುವ ಮುನ್ನವೇ ನೋಡಿಕೊಳ್ಳಬೇಕು.

ಇನ್ನೊಂದು ನಿಯಮ ನಮ್ಮವರೂ ಗಮನಿಸತಕ್ಕದ್ದು. ಜರ್ಮನಿ ಮತ್ತು ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ಗಾಡಿಗಳು ನಿಲ್ಲತೊಡಗಿದೊಡನೆ ಎಡಗಡೆಯ ಸಾಲಿನವರು ಪೂರಾ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಓಣಿ ಬಿಡಬೇಕು. ಆಸ್ಪತ್ರೆಯ ಗಾಡಿ ಬಂದಮೇಲಲ್ಲ, ಬರುವ ಮೊದಲೇ. ಆಸ್ಟ್ರಿಯಾದಲ್ಲಿ ಇದು 2012ರಿಂದ ಕಾನೂನು. ಸಾವಿರ ಜನ ನಿಂತಲ್ಲಿಯೇ ಒಂದು ಮೊಳ ಸರಿದರೆ, ಮುಂದೆ ಎಲ್ಲೋ ಗಾಯಗೊಂಡು ಬಿದ್ದವನಿಗೆ ದಾರಿಯಾಗುತ್ತದೆ.

ಕೊನೆಗೆ

ಒಳ್ಳೆಯ ದಾರಿ ಯಾವುದೆಂಬ ಪ್ರಶ್ನೆಗೆ ನಕ್ಷೆಯೊಂದೇ ಉತ್ತರ ಹೇಳಲಾರದು. ಯಾವ ದಿನ, ಯಾವ ಹೊತ್ತು, ಎಷ್ಟು ಖರ್ಚು, ಚಕ್ರಕ್ಕೆ ಏನು ಹಾಕಿದೆ, ನಡೆಸುವವನಿಗೆ ಎಷ್ಟು ನಿದ್ದೆಯಾಗಿದೆ ಎಂಬುದನ್ನೆಲ್ಲ ಕೂಡಿಸಬೇಕು. ಹೊತ್ತು ಕಡಿಮೆ ಆದರೆ ಸಾಕೆನ್ನುವವನಿಗೆ ಒಂದು ದಾರಿ. ಎರಡು ಗಂಟೆ ಹೆಚ್ಚಾದರೂ ನಿಶ್ಚಿತವಾಗಿ ತಲಪಬೇಕೆನ್ನುವವನಿಗೆ ಇನ್ನೊಂದು.

ದೀಪಾವಳಿಯ ಹಿಂದಿನ ಸಂಜೆ ಮುಂಬಯಿ ಬಿಟ್ಟು, ಖಂಡಾಲಾ ಘಟ್ಟದಲ್ಲಿ ಒಮ್ಮೆ, ಸಾತಾರಾಕ್ಕೆ ಮೊದಲು ಖಂಬಾಟ್ಕಿ ಘಟ್ಟದಲ್ಲಿ ಇನ್ನೊಮ್ಮೆ ನಿಂತು, ಬೆಳಗಾವಿಯನ್ನು ಮಧ್ಯಾಹ್ನಕ್ಕೆ ಸೇರಿದ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಸಲ ರಜಾ ಅರ್ಜಿ ಬರೆಯುವಾಗ, ಸಾಧ್ಯವಾದರೆ, ಒಂದು ದಿನ ಹಿಂದೆಯೋ ಮುಂದೆಯೋ ಕೇಳಿ ನೋಡಿ. ದಾರಿಯಲ್ಲಿ ಗಾಡಿಗಳು ನಿಂತರೆ ನಡುವೆ ಓಣಿ ಬಿಡುವಂತೆ ಚಾಲಕರಿಗೂ ಒಂದು ಮಾತು ಹೇಳಿ.